ಹತ್ತೊಂಬತ್ತು ವರ್ಷದ ಅರ್ಧ ಮೀಸೆ

ಎಪ್ಪತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ ಮನುಷ್ಯನ ಮುಖವನ್ನು ಒಬ್ಬ ಪ್ರೇಕ್ಷಕನೂ ಎದುರಿನಿಂದ ನೋಡಿಲ್ಲ ಎಂದರೆ ನಂಬುವುದು ಕಷ್ಟ. ಅರೆಮೀಸೆಯವರ ಮಟ್ಟಿಗೆ ಮೊನ್ನೆಮೊನ್ನೆಯವರೆಗೂ ಇದು ನಿಜವಾಗಿತ್ತು. ಪರದೆಯ ಮೇಲೆ ಅವರು ಇನ್‌ಸ್ಪೆಕ್ಟರ್ ಆಗಿದ್ದಾರೆ, ಡಾಕ್ಟರ್ ಆಗಿದ್ದಾರೆ, ಜೈಲರ್, ಗುಮಾಸ್ತ, ನಿವೃತ್ತ ಸೇನಾಧಿಕಾರಿ, ಕಿವುಡ ತೋಟಗಾರ ಎಲ್ಲವೂ ಆಗಿದ್ದಾರೆ. ಆದರೆ ಎಲ್ಲ ಪಾತ್ರಗಳೂ ಪಕ್ಕದಿಂದ ಬಂದು ಪಕ್ಕದಿಂದಲೇ ಹೋಗಿವೆ.

ಸ್ಟುಡಿಯೋದ ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ ಅವರನ್ನು ಕರೆಯುವುದು ಅರೆಮೀಸೆ ಎಂದೇ. ಅವರ ಮೂಗಿನ ಕೆಳಗೆ ಎಡ ಅರ್ಧದಲ್ಲಿ ದಟ್ಟ ಕಪ್ಪು ಮೀಸೆ, ಬಲ ಅರ್ಧ ನುಣ್ಣಗೆ ಬೋಳು. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಮೂಗಿನ ನೇರಕ್ಕೆ ಮೀಸೆ ಮುಗಿಯುತ್ತದೆ. ಎಡದಿಂದ ನೋಡಿದವರಿಗೆ ಒಬ್ಬ ಮನುಷ್ಯ, ಬಲದಿಂದ ನೋಡಿದವರಿಗೆ ಇನ್ನೊಬ್ಬ.

ಇದು ಶೋಕಿಗೆ ಬಿಟ್ಟ ಮೀಸೆಯಲ್ಲ, ಕೊಟ್ಟ ಮಾತಿಗೆ ಬಿಟ್ಟದ್ದು.

ಅವರಿಗೆ ಮೂವತ್ತನಾಲ್ಕು ವರ್ಷವಾಗಿದ್ದಾಗ ಒಂದು ಸಿನಿಮಾದಲ್ಲಿ ಮಾತಿರುವ ಪಾತ್ರ ಸಿಕ್ಕಿತು. ಕಥೆಯಲ್ಲಿ ಗಣಿ ಕುಸಿದು ನಾಯಕನ ಅಣ್ಣ ಸತ್ತನೆಂದು ಎಲ್ಲರೂ ನಂಬಿರುತ್ತಾರೆ. ಅದೇ ಊರಿನವನೊಬ್ಬ ಕ್ಷೌರದ ಅಂಗಡಿಯಲ್ಲಿ ಮೀಸೆ ಬೋಳಿಸಿಕೊಳ್ಳುತ್ತ ಕುಳಿತಿರುವಾಗ ರೇಡಿಯೋದಲ್ಲಿ ಆ ಅಣ್ಣ ಬದುಕಿರುವ ಸುದ್ದಿ ಬರುತ್ತದೆ. ಅವನು ಅರ್ಧ ಮೀಸೆಯಲ್ಲೇ ಎದ್ದು ಓಡುತ್ತಾನೆ, ನಾಯಕನ ಮನೆಯ ಗಂಟೆ ಒತ್ತುತ್ತಾನೆ, ಬಾಗಿಲು ತೆರೆಯುತ್ತದೆ. ಆಗ ಪರದೆಯ ತುಂಬ ಅವನ ಮುಖ: ‘ನಿಮ್ಮಣ್ಣ ಬದುಕಿದ್ದಾರೆ!’ ಮಾತು ಎರಡೇ. ಆದರೆ ಆ ಎರಡು ಮಾತಿನಿಂದ ಕಥೆಯೇ ತಿರುಗುತ್ತದೆ.

ಅರ್ಧ ಮೀಸೆ ಬೋಳಿಸಿದ್ದಾಯಿತು, ಓಡಿದ್ದಾಯಿತು, ಗಂಟೆ ಒತ್ತಿದ್ದಾಯಿತು. ಓಡುವಾಗ ಅಂಗಿಯ ಎರಡನೆಯ ಗುಂಡಿ ಕಿತ್ತುಬಂದು ದಾರದಲ್ಲಿ ನೇತಾಡಿತು. ಚೆನ್ನಾಗಿದೆ, ಹಾಗೇ ಇರಲಿ ಎಂದರು ಆಗಿನ ನಿರ್ದೇಶಕರು. ಮುಖದ ಶಾಟ್ ಮರುದಿನಕ್ಕೆ ಉಳಿಯಿತು. ಆ ಮರುದಿನವೇ ನಿರ್ಮಾಪಕರಿಬ್ಬರು, ಒಡಹುಟ್ಟಿದ ಅಣ್ಣತಮ್ಮ, ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಕಿತ್ತಾಡಿಕೊಂಡು ಕೋರ್ಟಿಗೆ ಹೋದರು.

ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡಿದ್ದ ಸಹಾಯಕ ನಿರ್ದೇಶಕರು ಗೇಟಿನವರೆಗೂ ಓಡಿಬಂದು ಹೇಳಿದರು. “ಹದಿನೈದು ದಿನ ಬ್ರೇಕ್ ಅಷ್ಟೇ. ಕಂಟಿನ್ಯೂಟಿ ನೋಡ್ಕೊಳ್ಳಿ. ನಾನು ಹೇಳೋವರೆಗೂ ಆ ಮೀಸೆ ಮುಟ್ಟಬೇಡಿ.”

ದೃಶ್ಯದ ಒಂದು ತುಣುಕನ್ನು ಇಂದು, ಇನ್ನೊಂದನ್ನು ತಿಂಗಳ ನಂತರ ತೆಗೆದರೂ ಕೂದಲು, ಬಟ್ಟೆ, ಗುಂಡಿ ಎಲ್ಲ ಒಂದೇ ಥರ ಕಾಣಬೇಕು. ಅದಕ್ಕೇ ಸಿನಿಮಾದವರು ಕಂಟಿನ್ಯೂಟಿ ಅನ್ನುವುದು. ಅರೆಮೀಸೆಯವರು ತಲೆಯಾಡಿಸಿದರು. ಸಹಾಯಕ ನಿರ್ದೇಶಕರು ಮುಂದಿನ ವರ್ಷ ಸಿನಿಮಾ ಬಿಟ್ಟು ಟೈರ್ ಅಂಗಡಿ ಹಾಕಿದರು. ಮುಟ್ಟಬಹುದು ಎಂದು ಹೇಳುವವರು ಯಾರೂ ಉಳಿಯಲಿಲ್ಲ.

ನಾಲ್ಕನೆಯ ತಿಂಗಳು ಒಂದು ಎಡವಟ್ಟಾಯಿತು. ಜ್ವರ ನೆತ್ತಿಗೇರಿ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ, ಮೂಗಿಗೆ ನಳಿಕೆ ಅಂಟಿಸಲು ಅಲ್ಲಿಯವರು ಮೀಸೆಯನ್ನು ಪೂರ್ತಿ ತೆಗೆದುಬಿಟ್ಟರು. ಎಚ್ಚರವಾದ ತಕ್ಷಣ ಅವರು ಮೇಲ್ದುಟಿ ಸವರಿಕೊಂಡು ಅತ್ತರು. ವಾರ್ಡಿನ ನರ್ಸ್ ಇದನ್ನು ಜ್ವರದ ಲಕ್ಷಣವೆಂದು ಬರೆದುಕೊಂಡರು. ಮನೆಗೆ ಬಂದು ಮತ್ತೆ ಬೆಳೆಸಬೇಕು, ಸರಿ. ಆದರೆ ಯಾವ ಕಡೆ? ತನ್ನ ಮುಖವನ್ನು ಮನುಷ್ಯ ಕನ್ನಡಿಯಲ್ಲಿ ಮಾತ್ರ ನೋಡಿರುತ್ತಾನೆ. ಅಲ್ಲಿ ಎಡ ಯಾವುದು, ಬಲ ಯಾವುದು ಎಂದು ಯೋಚಿಸಿದಷ್ಟೂ ತಲೆ ಕೆಟ್ಟಿತು. ಕೊನೆಗೆ ಸ್ಟುಡಿಯೋದ ಫೋಟೋಗ್ರಾಫರಿಂದ ಆ ದಿನದ ಒಂದು ಫೋಟೋ ತರಿಸಿಕೊಂಡರು. ಫೋಟೋದಲ್ಲಿ ಮೀಸೆ ಎಡಗಡೆ ಇತ್ತು.

“ರೀ, ಅದು ಬಲಗಡೆ ಇತ್ತು,” ಎಂದರು ಹೆಂಡತಿ.

“ಫೋಟೋ ಇದೆಯಲ್ಲೇ ಎದುರಿಗೆ!”

“ಫೋಟೋ ಏನಾದ್ರೂ ಹೇಳ್ಲಿ. ನಾನು ಮಲಗೋದು ನಿಮ್ಮ ಬಲಗಡೆ. ನನ್ನ ಕೆನ್ನೆಗೆ ಚುಚ್ಚುತ್ತಿತ್ತು. ಈಗ ಗೋಡೆಗೆ ಚುಚ್ಚತ್ತಾ?”

“ನೀನು ಹೊಲಿಗೆ ನೋಡ್ಕೋ. ಇದು ನಮ್ಮ ಕಸುಬು. ಫೋಟೋನೇ ದಾಖಲೆ.”

ಹೆಂಡತಿ ಹೊಲಿಗೆಯವರು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ: ಒಂದು ಯಂತ್ರ, ಕತ್ತರಿಸಲು ಉದ್ದನೆಯ ಮೇಜು, ಗೋಡೆಯಲ್ಲಿ ಅಳತೆ ಟೇಪು. ಆ ದಿನದಿಂದ ಆ ಮನೆಯಲ್ಲಿ ಮೀಸೆಯ ವಿಷಯಕ್ಕೆ ಎರಡು ಪಕ್ಷ. ಮಗಳು ಆಗಿನ್ನೂ ಹೊಟ್ಟೆಯಲ್ಲಿದ್ದಳು. ಮುಂದೆ ಮಾತು ಬಂದ ಮೇಲೂ ಅವಳು ಯಾರ ಪಕ್ಷವನ್ನೂ ವಹಿಸಲಿಲ್ಲ. “ನಾನು ನೋಡಿಲ್ಲಪ್ಪ,” ಅನ್ನುವಳು, ಸಾಕ್ಷಿ ಕಟ್ಟೆಯಲ್ಲಿ ನಿಂತವಳ ಹಾಗೆ.

ಇಂಥ ಮುಖಕ್ಕೆ ಯಾರು ಕೆಲಸ ಕೊಡುತ್ತಾರೆ ಎಂಬ ದಿಗಿಲು ಮೊದಲ ವರ್ಷದಲ್ಲೇ ಹೋಯಿತು. ಒಬ್ಬ ಕ್ಯಾಮೆರಾಮನ್ ಅವರನ್ನು ಕ್ಯಾಂಟೀನಿನಲ್ಲಿ ಎಡದಿಂದ ನೋಡಿ ಇನ್‌ಸ್ಪೆಕ್ಟರ್ ಪಾತ್ರಕ್ಕೆ ಕರೆದರು. ಅದೇ ಮಧ್ಯಾಹ್ನ ಅದೇ ಕ್ಯಾಮೆರಾಮನ್ ಬಲದಿಂದ ನೋಡಿ, ಗುರುತು ಸಿಗದೆ, ಡಾಕ್ಟರ್ ಪಾತ್ರಕ್ಕೂ ಕರೆದರು. ಅಲ್ಲಿಂದ ಅವರ ವೃತ್ತಿ ಎರಡು ಕವಲಾಯಿತು. ಶೂಟಿಂಗಿಗೆ ಬರಬೇಕಾದವರ ಪಟ್ಟಿಯಲ್ಲಿ ‘ಅರೆಮೀಸೆ ಎಡ’, ‘ಅರೆಮೀಸೆ ಬಲ’ ಎಂದು ಎರಡು ಸಾಲು ಬರತೊಡಗಿದವು. ಕಡಿಮೆ ಬಂಡವಾಳದ ನಿರ್ದೇಶಕರಿಗಂತೂ ಅವರು ಕಣ್ಣಿಗೊತ್ತಿಕೊಳ್ಳುವಂಥ ನಟ. ಒಂದು ಸಿನಿಮಾದಲ್ಲಿ ಎಡದ ವಕೀಲರು ಬಲದ ಆರೋಪಿಯನ್ನು ಹತ್ತು ನಿಮಿಷ ಪಾಟೀಸವಾಲು ಮಾಡಿ ಅಳಿಸಿದರು. ಇನ್ನೊಂದರಲ್ಲಿ ಎಡದ ಜಮೀನ್ದಾರ ಬಲದ ಗುಮಾಸ್ತನಿಗೆ ಗುಂಡು ಹೊಡೆದು, ಕೊನೆಗೆ ಪಶ್ಚಾತ್ತಾಪದಿಂದ ಶವದ ಪಕ್ಕ ಕುಳಿತು ಬಿಕ್ಕಿದ. ಆ ಶವದ ಮೇಲೆ ಪೂರ್ತಿ ಬಟ್ಟೆ ಹೊದಿಸಿತ್ತು, ಅದರೊಳಗೆ ಇದ್ದದ್ದು ಎರಡು ದಿಂಬು.

ಪತ್ರಿಕೆಯೊಂದರ ವಿಮರ್ಶಕರು ಒಮ್ಮೆ ‘ಇನ್‌ಸ್ಪೆಕ್ಟರ್ ಪಾತ್ರಧಾರಿ ಗಮನ ಸೆಳೆಯುತ್ತಾರೆ, ಡಾಕ್ಟರ್ ಪಾತ್ರಧಾರಿಗೆ ನಟನೆ ಬರುವುದಿಲ್ಲ’ ಎಂದು ಬರೆದರು. ಅರೆಮೀಸೆಯವರು ಹೊಗಳಿಕೆಗೆ ಹಿಗ್ಗಲಿಲ್ಲ. ಡಾಕ್ಟರ ಪರವಾಗಿ ಅವರಿಗೆ ನಿಜಕ್ಕೂ ನೋವಾಯಿತು. ಮೂರು ತಿಂಗಳು ಬಲ ಹುಬ್ಬಿಗೆ, ಬಲ ಕೆನ್ನೆಗೆ ಪ್ರತ್ಯೇಕ ಅಭ್ಯಾಸ ಕೊಟ್ಟರು.

ಮೇಕಪ್‌ನವರು ಹಲವು ಬಾರಿ ಕೇಳಿದ್ದುಂಟು. “ಅಣ್ಣಾ, ಇನ್ನರ್ಧ ನಾನು ಅಂಟಿಸ್ತೀನಿ. ಎದುರಿನಿಂದ ಒಂದು ಒಳ್ಳೇ ಪಾತ್ರ ಮಾಡಬಾರದಾ?”

“ಬೇಡಪ್ಪ. ಎದುರಿನ ಮುಖ ಆ ಸಿನಿಮಾಗೆ ಕೊಟ್ಟಾಗಿದೆ,” ಅನ್ನುತ್ತಿದ್ದರು, ಮನೆ ಮಾರಾಟಕ್ಕೆ ಮುಂಗಡ ಪಡೆದವರ ಹಾಗೆ.

ಮನೆಯಲ್ಲೂ ಎಲ್ಲರೂ ಇದಕ್ಕೆ ಒಗ್ಗಿಕೊಂಡರು. ಮಗಳಿಗೆ ಗೆಳತಿಯರ ಜೊತೆ ಹೊರಗೆ ಹೋಗಲು ಅನುಮತಿ ಬೇಕಾದರೆ ಬಲಗಡೆಯಿಂದ ಬಂದು ಕೇಳುವಳು. ಶಾಲೆಯಲ್ಲಿ ಯಾರ ಮೇಲಾದರೂ ದೂರು ಹೇಳಲು ಅಪ್ಪನನ್ನು ಕರೆದೊಯ್ದರೆ ಅವರ ಎಡಗಡೆ ಕಾಣುವಂತೆ ಕುರ್ಚಿ ತಿರುಗಿಸುವಳು. ನೆಂಟರ ಮದುವೆಯ ಗುಂಪು ಫೋಟೋಗಳಲ್ಲಿ ಅರೆಮೀಸೆಯವರು ಸಾಲಿನ ತುದಿಯಲ್ಲಿ, ನಾಣ್ಯದ ಮೇಲಿನ ರಾಜನ ಹಾಗೆ, ಪಕ್ಕಕ್ಕೆ ತಿರುಗಿ ನಿಂತಿರುತ್ತಾರೆ.

ಇನ್ನು ಅಂಗಿ. ಆ ದಿನ ತೊಟ್ಟಿದ್ದ ನೀಲಿ ಚೌಕುಳಿ ಅಂಗಿಯನ್ನೂ ಜೋಪಾನ ಮಾಡಬೇಕಿತ್ತು. ಆದರೆ ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿದ್ದ ಅದು ಐದನೆಯ ವರ್ಷಕ್ಕೆ ಇಲಿಗಳ ಪಾಲಾಯಿತು. ಹೆಂಡತಿ ಅಂಥದ್ದೇ ಬಟ್ಟೆ ಹುಡುಕಿ ತಂದು, ಅದೇ ಫೋಟೋ ಎದುರಿಗಿಟ್ಟುಕೊಂಡು ಹೊಸದು ಹೊಲಿಯಲು ಕುಳಿತವರು ಕತ್ತರಿ ಕೆಳಗಿಟ್ಟರು.

“ರೀ, ಇಲ್ಲಿ ನೋಡಿ. ಫೋಟೋದಲ್ಲಿ ಜೇಬು ಬಲಗಡೆ ಇದೆ. ಗುಂಡಿ ಹೆಂಗಸರ ಬಟ್ಟೆ ಥರ ಆ ಕಡೆ. ಗಂಡಸರ ಅಂಗಿ ಹೀಗೆ ಯಾರು ಹೊಲೀತಾರೆ?”

“ಸಿನಿಮಾ ಅಂಗಿ ಅದು. ಹೇಗೆ ಬೇಕಾದ್ರೂ ಇರುತ್ತೆ. ಫೋಟೋದಲ್ಲಿ ಇದ್ದ ಹಾಗೆ ಹೊಲಿ.”

ಆಕೆ ಗಂಡನ ಮುಖವನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದರು. ಜೇಬನ್ನು ಬಲಕ್ಕೇ ಇಟ್ಟು ಹೊಲಿದರು. ಎರಡನೆಯ ಗುಂಡಿಯದ್ದೇ ದೊಡ್ಡ ಕಷ್ಟ: ಅದು ಬೀಳಲೂ ಕೂಡದು, ನಿಲ್ಲಲೂ ಕೂಡದು, ನೇತಾಡಬೇಕು. ಒಂದೇ ಎಳೆ ದಾರದಲ್ಲಿ, ಗಂಟು ಒಳಗೆ ಬರುವಂತೆ ಅದನ್ನು ಸಡಿಲವಾಗಿ ಹೊಲಿಯುವ ಒಂದು ವಿದ್ಯೆಯನ್ನೇ ಆಕೆ ಕಲಿತರು. ಗಂಡನ ಸೊಂಟದ ಅಳತೆಯನ್ನು ಪ್ರತಿ ತಿಂಗಳು ಟೇಪು ಹಿಡಿದು ನೋಡುತ್ತಿದ್ದರು. ಮೂವತ್ತೆರಡು ಇಂಚು ದಾಟಿದ ದಿನ ಅವರಿಗೆ ಊಟದಲ್ಲಿ ಕಡಿತ.

ಮಾತಿನ ಅಭ್ಯಾಸವೂ ತಪ್ಪಲಿಲ್ಲ. ಸ್ಕ್ರಿಪ್ಟಿನಲ್ಲಿ ‘ಕೂಗುತ್ತಾನೆ’ ಎಂದಿತ್ತು. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು “ನಿಮ್ಮಣ್ಣ ಬದುಕಿದ್ದಾರೆ!” ಎಂದು ಕೂಗುತ್ತಿದ್ದರು. ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಬ್ಯಾಂಕ್ ನೌಕರರು ಅದೇ ವಾರ ತಮ್ಮ ಸ್ವಂತ ಅಣ್ಣನನ್ನು ಮಣ್ಣು ಮಾಡಿ ಬಂದಿದ್ದರು. ಅವರು ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಹಾಗೆಯೇ ಮೆಟ್ಟಿಲಿಳಿದು ಓಡಿಬಂದು ಬಾಗಿಲು ಬಡಿದರು. ಅರೆಮೀಸೆಯವರು ಬಾಗಿಲು ತೆರೆದರು. ಒಂದು ಕೆನ್ನೆ ಸೋಪಿನವರು, ಒಂದು ಕಡೆ ಮೀಸೆಯವರು ಎದುರುಬದುರು ನಿಂತರು. ಆಮೇಲೆ ನಡೆದ ವಿವರಣೆ ಇಬ್ಬರಿಗೂ ನೆನಪಿಸಿಕೊಳ್ಳಲು ಇಷ್ಟವಿಲ್ಲ. ಮರುದಿನದಿಂದ ಅರೆಮೀಸೆಯವರು ತಮ್ಮ ಮಾತನ್ನು ಪಿಸುಗುಟ್ಟಿ ಅಭ್ಯಾಸ ಮಾಡತೊಡಗಿದರು.

ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು. ಒಂದು ಸೋಮವಾರ ಫೋನ್ ಬಂತು. ಅಣ್ಣತಮ್ಮ ರಾಜಿಯಾಗಿದ್ದರು. ಇಬ್ಬರ ಹೆಸರೂ ಯಾವುದು ಮೊದಲು ಎಂದು ತಿಳಿಯದಂತೆ ವೃತ್ತಾಕಾರವಾಗಿ ಬರಬೇಕೆಂದು ಒಪ್ಪಂದವಾಗಿತ್ತು. ಉಳಿದ ಸಿನಿಮಾ ಪೂರ್ತಿ ತಯಾರಿತ್ತು. ನಾಯಕರು ಎಂದೋ ತಮ್ಮ ಪಾಲಿನದ್ದನ್ನು ಮುಗಿಸಿದ್ದರು, ಈಗ ನಿವೃತ್ತರು. ಬಾಕಿ ಇದ್ದದ್ದು ಒಂದೇ ಒಂದು ಶಾಟ್, ನಾಲ್ಕು ಸೆಕೆಂಡ್.

“ಅರ್ಧ ಮೀಸೆಯವರು ಇನ್ನೂ ಇದ್ದಾರಾ?” ಎಂದು ಆ ಕಡೆಯ ಧ್ವನಿ ಕೇಳಿತು.

“ಇದ್ದಾರೆ,” ಎಂದಳು ಮಗಳು. “ಮೀಸೆನೂ ಇದೆ.”

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಗಂಡ ಹೆಂಡತಿ ಸ್ಟುಡಿಯೋ ತಲುಪಿದರು. ಅರೆಮೀಸೆಯವರು ನೀಲಿ ಚೌಕುಳಿ ಅಂಗಿಯಲ್ಲಿ, ಗುಂಡಿ ಅಲುಗದಂತೆ ಎದೆಯ ಮೇಲೆ ಅಂಗೈ ಅಡ್ಡ ಹಿಡಿದು ನಡೆಯುತ್ತಿದ್ದರು. ಹೆಂಡತಿಯ ಕೈಯಲ್ಲಿ ಸೂಜಿದಾರದ ಡಬ್ಬಿ. ಶೂಟಿಂಗ್ ಫ್ಲೋರಿನ ಬಾಡಿಗೆ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ. ನಿರ್ದೇಶಕರು ಹೊಸಬರು, ಅಣ್ಣ ನಿರ್ಮಾಪಕರ ಮಗ. ಸಿನಿಮಾ ಶುರುವಾದಾಗ ಅವರು ಒಂದನೇ ತರಗತಿಯಲ್ಲಿದ್ದರು. ಮೇಕಪ್‌ನವರು ಕಣ್ಣಿನ ಸುತ್ತಲ ಹತ್ತೊಂಬತ್ತು ವರ್ಷವನ್ನು ಒಂದೂವರೆ ಗಂಟೆಯಲ್ಲಿ ಮುಚ್ಚಿದರು. ಬೆಳಕು ಸಿದ್ಧವಾಯಿತು. ಹೊಂದಾಣಿಕೆಗೆಂದು ಸಂಕಲನಕಾರರು ಹಳೆಯ ಶಾಟನ್ನು ಪುಟ್ಟ ಪರದೆಯಲ್ಲಿ ಓಡಿಸಿದರು.

ಪರದೆಯಲ್ಲಿ ಮೂವತ್ತನಾಲ್ಕರ ಒಬ್ಬ ಗಂಡಸು ಓಡಿಬಂದು ಗಂಟೆ ಒತ್ತಿ ಕ್ಯಾಮೆರಾ ಕಡೆಗೆ ತಿರುಗಿದ. ಮೀಸೆ ಬಲಗಡೆ ಇತ್ತು.

ಸಂಕಲನಕಾರರು ಪರದೆಯನ್ನು ನೋಡಿದರು, ಎದುರಿಗಿದ್ದ ಮುಖವನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

“ಸರ್, ಇವರದ್ದು ಉಲ್ಟಾ ಇದೆ.”

ಅರೆಮೀಸೆಯವರು ಕಿಸೆಯಿಂದ ಫೋಟೋ ತೆಗೆದು ಕೊಟ್ಟರು. ಸಂಕಲನಕಾರರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದಾನೆ ಪುಣ್ಯಾತ್ಮ,” ಎಂದರು.

ಅರೆಮೀಸೆಯವರು ಹೆಂಡತಿಯ ಕಡೆ ತಿರುಗಲಿಲ್ಲ. ಆದರೆ ಆಕೆ ತಮ್ಮ ಬೆನ್ನನ್ನೇ ನೋಡುತ್ತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು.

“ಬೋಳಿಸಿ ಈ ಕಡೆ ಅಂಟಿಸಿ,” ಎಂದರು ನಿರ್ದೇಶಕರು.

“ಮೀಸೆ ಅಂಟಿಸ್ತೀನಿ ಸರ್. ಜೇಬು?” ಎಂದರು ಮೇಕಪ್‌ನವರು. “ಅದೂ ಆ ಕಡೆ ಇದೆ. ಅಂಗಿ ಬಿಚ್ಚಿ ಹೊಲಿಯೋಕೆ ಅರ್ಧ ದಿನ ಬೇಕು.”

ನಿರ್ದೇಶಕರು ಗಡಿಯಾರ ನೋಡಿಕೊಂಡರು. ಹನ್ನೊಂದು ಮುಕ್ಕಾಲು. “ಬಿಡಿ ಹಾಗಾದ್ರೆ. ಮುಖ ಬೇಡ, ಧ್ವನಿ ಸಾಕು. ಹೀರೋ ಮುಖದ ಮೇಲೆ ಇವರ ಮಾತು ಹಾಕೋಣ. ಜನ ಬರೋದು ಹೀರೋನ ನೋಡೋಕೆ ತಾನೇ? ಮೈಕ್ ತನ್ನಿ.”

ಲೈಟಿನವರು ಒಂದು ದೀಪ ಆರಿಸಿದರು. ಅರೆಮೀಸೆಯವರು ನಿಂತಲ್ಲೇ ನಿಂತಿದ್ದರು. ಇಷ್ಟು ವರ್ಷ ಎದುರಿನ ಮುಖವನ್ನು ಮುಚ್ಚಿಟ್ಟುಕೊಂಡು ಬಂದದ್ದು ಈ ನಾಲ್ಕು ಸೆಕೆಂಡಿಗಾಗಿ. ಈಗ ಅದು ಯಾರಿಗೂ ಬೇಡವಾಗಿತ್ತು. ತಪ್ಪು ತಮ್ಮದೇ, ಅದೂ ಹೆಂಡತಿ ಎರಡು ಸಲ ಹೇಳಿದ್ದ ತಪ್ಪು.

“ಒಂದು ಮಾತು ಕೇಳ್ಲಾ?” ಎಂದರು ಹೆಂಡತಿ.

ಎಲ್ಲರೂ ತಿರುಗಿದರು. ಆಕೆ ಸೂಜಿದಾರದ ಡಬ್ಬಿಯನ್ನು ಬಗಲಲ್ಲಿ ಒತ್ತಿ ಹಿಡಿದಿದ್ದರು.

“ಮೀಸೆ ಉಲ್ಟಾ. ಜೇಬು ಉಲ್ಟಾ. ಗುಂಡಿ ಪಟ್ಟಿನೂ ಉಲ್ಟಾ. ಒಂದೇ ಒಂದು ಉಲ್ಟಾ ಆಗಿದ್ರೆ ಕಷ್ಟ. ಎಲ್ಲಾ ಒಂದೇ ಥರ ಉಲ್ಟಾ ಆಗಿದ್ರೆ ಬಟ್ಟೆ ಮಗುಚಿದ್ರೆ ಆಯ್ತಲ್ಲಾ? ನಾವು ಹಾಗೇ ಮಾಡೋದು. ಫೋಟೋದವರು ಮಗುಚಿ ಹಾಕಿ ಕೆಡಿಸಿದ್ರು. ನೀವೂ ಹಾಗೇ ಮಗುಚಿ ಹಾಕಿ ಸರಿ ಮಾಡಿ.”

ಸಂಕಲನಕಾರರು ತೊಡೆ ತಟ್ಟಿಕೊಂಡು ನಕ್ಕರು. “ಆಗುತ್ತೆ ಸರ್! ಶಾಟ್ ತೆಗೆದು ಕನ್ನಡಿ ಹಿಡಿದ ಹಾಗೆ ತಿರುಗಿಸಿಬಿಡ್ತೀನಿ. ಇವರು ಎಡಕ್ಕೆ ನೋಡೋ ಬದಲು ಬಲಕ್ಕೆ ನೋಡ್ಬೇಕು, ಅಷ್ಟೇ. ಹಿಂದೆ ಖಾಲಿ ಗೋಡೆ. ಒಬ್ಬರೇ ಇರೋದು. ಯಾರಿಗೂ ಗೊತ್ತಾಗಲ್ಲ.”

ಆರಿಸಿದ ದೀಪ ಮತ್ತೆ ಹತ್ತಿತು.

ನಾಯಕನಿರಬೇಕಾದ ಜಾಗದಲ್ಲಿ ಒಂದು ಸ್ಟೂಲಿನ ಮೇಲೆ ಚೂಪು ಸೀಮೆಸುಣ್ಣ ನಿಲ್ಲಿಸಿ, ಅದನ್ನೇ ನೋಡಿ ಮಾತಾಡಿ ಎಂದರು. ಮೊದಲ ಟೇಕಿನಲ್ಲಿ ಅವರು ಉಸಿರು ಎಳೆದುಕೊಂಡ ರಭಸಕ್ಕೆ ಗುಂಡಿ ಕಿತ್ತುಬಂದು ನೆಲಕ್ಕೆ ಬಿದ್ದು, ಟಣ್ ಟಣ್ ಎಂದು ಕ್ಯಾಮೆರಾದ ಕೆಳಗೆ ಉರುಳಿತು. ಹೆಂಡತಿ ಬಂದು, ಮೊಣಕಾಲೂರಿ, ಗುಂಡಿ ಹುಡುಕಿ, ಒಂದೇ ಎಳೆಯಲ್ಲಿ ಅದನ್ನು ಮತ್ತೆ ನೇತು ಹಾಕಲು ತೆಗೆದುಕೊಂಡದ್ದು ಎರಡು ನಿಮಿಷ. ದಾರವನ್ನು ಹಲ್ಲಿನಿಂದ ಕಡಿಯುವಾಗ ಗಂಡನ ಎದೆಗೆ ಮುಖವಿಟ್ಟು, ಬೇರೆ ಯಾರಿಗೂ ಕೇಳದಂತೆ ಅಂದರು. “ಕೂಗಬೇಡಿ. ಬಚ್ಚಲಲ್ಲಿ ಹೇಳ್ತೀರಲ್ಲ, ಹಾಗೆ ಹೇಳಿ.”

ಎರಡನೆಯ ಟೇಕ್. ಅರೆಮೀಸೆಯವರು ಸೀಮೆಸುಣ್ಣವನ್ನು ನೋಡಿದರು. ಅವರಿಗೆ ನಾಯಕನೂ ನೆನಪಾಗಲಿಲ್ಲ, ಕಥೆಯೂ ನೆನಪಾಗಲಿಲ್ಲ. ಒಂದು ಕೆನ್ನೆಯಲ್ಲಿ ಸೋಪು ಒಣಗುತ್ತ ಬಾಗಿಲಲ್ಲಿ ನಿಂತಿದ್ದ, ನಂಬಿ ಓಡಿಬಂದಿದ್ದ ಮೇಲಿನ ಮನೆಯವರು ನೆನಪಾದರು. ಅವರಿಗೆ ಅಂದು ಹೇಳಲಾಗದ್ದನ್ನು ಹೇಳುವ ಹಾಗೆ, ಹೇಳಿದರೆ ಎಲ್ಲಿ ಸುಳ್ಳಾಗುತ್ತದೋ ಎಂಬ ಹಾಗೆ, ಪಿಸುಮಾತಿನಲ್ಲಿ ಹೇಳಿದರು.

“ನಿಮ್ಮಣ್ಣ... ಬದುಕಿದ್ದಾರೆ.”

ಗುಂಡಿ ಅಲುಗಿತು, ಬೀಳಲಿಲ್ಲ. ಸ್ಕ್ರಿಪ್ಟಿನಲ್ಲಿ ‘ಕೂಗುತ್ತಾನೆ’ ಎಂದಿದ್ದುದನ್ನು ನಿರ್ದೇಶಕರು ಒಮ್ಮೆ ನೋಡಿ, ಪೆನ್ನಿನಿಂದ ಹೊಡೆದುಹಾಕಿದರು. “ಓಕೆ.”

“ಇನ್ನು ಮುಟ್ಟಬಹುದಾ?” ಎಂದು ಕೇಳಿದರು ಅರೆಮೀಸೆಯವರು.

“ಏನನ್ನ?”

“ಮೀಸೇನ.”

“ಅಯ್ಯೋ, ಧಾರಾಳವಾಗಿ ಮುಟ್ಟಿ,” ಎಂದರು ನಿರ್ದೇಶಕರು, ಪ್ರಶ್ನೆ ಅರ್ಥವಾಗದೆ.

ಗೇಟು ದಾಟಿ ಎದುರಿನ ಕ್ಷೌರದ ಅಂಗಡಿಯ ಮೆಟ್ಟಿಲವರೆಗೂ ಹೋದವರು ಅಲ್ಲಿ ನಿಂತುಬಿಟ್ಟರು. ಮಂಗಳವಾರವಷ್ಟೇ ಇನ್ನೊಂದು ಸಿನಿಮಾದಲ್ಲಿ ಎಡದ ಇನ್‌ಸ್ಪೆಕ್ಟರಾಗಿ ಬಲದ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಅರ್ಧ ಮುಗಿದಿತ್ತು. ಕಳ್ಳ ಇನ್ನೂ ಸಿಕ್ಕಿರಲಿಲ್ಲ.

“ಕಂಟಿನ್ಯೂಟಿ,” ಎಂದರು ಹೆಂಡತಿಗೆ.

“ನನಗೇನು, ಗೋಡೆಗೆ ತಾನೇ ಚುಚ್ಚೋದು,” ಎಂದರು ಆಕೆ.

ಸಿನಿಮಾ ನಾಲ್ಕು ತಿಂಗಳ ನಂತರ ಬಿಡುಗಡೆಯಾಯಿತು. ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ಮೂವರೂ ಹೋದರು. ಅಣ್ಣತಮ್ಮನ ಹೆಸರುಗಳು ವೃತ್ತಾಕಾರದಲ್ಲಿ ತಿರುಗುತ್ತ ಬಂದವು. ಯಾರಿಗೂ ಒಂದನ್ನೂ ಓದಲಾಗಲಿಲ್ಲ. ಗಣಿ ಕುಸಿಯಿತು. ನಾಯಕ ಅತ್ತ. ಗಂಟೆ ಮೊಳಗಿತು. ಬಾಗಿಲು ತೆರೆಯಿತು.

ಆಮೇಲೆ ನಲವತ್ತು ಅಡಿ ಅಗಲಕ್ಕೆ ಅರೆಮೀಸೆಯವರ ಮುಖ ಬಂತು. ಎದುರಿನಿಂದ, ಎರಡು ಕಣ್ಣು, ಎರಡು ಕೆನ್ನೆ ಸಮೇತ. ಪಿಸುಮಾತಿಗೆ ಇಡೀ ಹಾಲ್ ಉಸಿರು ಬಿಗಿ ಹಿಡಿಯಿತು. ಮಗಳು ಅಪ್ಪನ ಮೊಣಕೈ ಹಿಡಿದುಕೊಂಡಳು. ಹೆಂಡತಿ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟು ಬಗ್ಗಿದರು.

“ರೀ, ಯಾವ ಕಡೆ ಇದೆ ನೋಡಿ.”

ಅವರು ನೋಡಿದರು.

“ಬಾಯಿ ಬಿಟ್ಟು ಹೇಳಿ.”

“ಬಲಗಡೆ,” ಎಂದರು ಅರೆಮೀಸೆಯವರು.

ಪಿಸುಗುಟ್ಟುವುದು ಕೇಳಿ ಮುಂದಿನ ಸಾಲಿನಲ್ಲಿದ್ದ ದಪ್ಪನೆಯ ಮನುಷ್ಯರೊಬ್ಬರು ಸಿಟ್ಟಿನಿಂದ ಹಿಂದೆ ತಿರುಗಿದರು. ಪರದೆಯ ಬೆಳಕಿನಲ್ಲಿ ಅರೆಮೀಸೆಯವರ ಮುಖವನ್ನು ನೇರವಾಗಿ ನೋಡಿದರು, ಪರದೆಯ ಕಡೆಗೆ ತಿರುಗಿದರು, ಮತ್ತೆ ಹಿಂದೆ ನೋಡಿದರು.

“ಈಗ ಬಂದು ಹೋದ್ರಲ್ಲ, ಅಚ್ಚು ನಿಮ್ಮ ಹಾಗೇ ಇದ್ದಾರಲ್ರೀ ಅವರು,” ಎಂದರು. “ಆದ್ರೆ ಅವರಿಗೆ ಮೀಸೆ ಆ ಕಡೆ.”

“ಹೌದು,” ಎಂದರು ಅರೆಮೀಸೆಯವರು. “ಅವರು ಬೇರೆ. ಆದರೆ ಚೆನ್ನಾಗಿ ಮಾಡಿದ್ದಾರೆ.”